ಹಿರೇಮುತ್ಯಾನನ್ನು ಹುಡುಕುತ್ತ

ಶ್ರಾದ್ಧದ ಕಟ್ಟಳೆಯುಳ್ಳ ಮನೆತನಗಳವರು ತಂದೆ, ತಾತ, ಮುತ್ತಾತ ಎಂದು ಮೂರು ತಲೆಮಾರುಗಳ ಹೆಸರು ಹೇಳಿ ಎಳ್ಳುನೀರು ಬಿಡುತ್ತಾರೆ. ಆ ಕಟ್ಟಳೆಯಿಲ್ಲದ ನಮ್ಮಂಥ ಒಕ್ಕಲುಮನೆಗಳಲ್ಲಿಯೂ ಹಿರಿಯರ ಹೆಸರಿನಲ್ಲಿ ಎಡೆಯಿಡುವಾಗ ನಾಲಗೆಯ ಮೇಲೆ ಬರುವ ಹೆಸರುಗಳು ಹೆಚ್ಚುಕಡಿಮೆ ಅಷ್ಟೇ. ಮೂರರ ಆಚೆಗೆ ಕತ್ತಲೆ. ಆ ಕತ್ತಲೆಯಲ್ಲಿ ನಿಂತವರೆಲ್ಲರನ್ನೂ ನಾವು ‘ಹಿರಿಯರು’ ಎಂಬ ಒಂದೇ ಮಾತಿನಲ್ಲಿ ಒಟ್ಟುಗೂಡಿಸಿ ಕೈಮುಗಿದು ಸುಮ್ಮನಾಗುತ್ತೇವೆ. ಬಹುಪಾಲು ಜನರಿಗೆ ಇಷ್ಟು ಸಾಕು. ನನ್ನ ತಂದೆಗೆ ಸಾಕಾಗಲಿಲ್ಲ. ಅವರಿಗೆ ಸಾಕಾಗದಿದ್ದುದರಿಂದ ನನಗೂ ಸಾಕಾಗಲಿಲ್ಲ.

ನಮ್ಮ ಊರು ಧಾರವಾಡ ಜಿಲ್ಲೆಯ ಎರೆಸೀಮೆಯಲ್ಲಿದೆ. ನಾನು ಹುಡುಗನಾಗಿದ್ದಾಗ ಬದುವಿನ ಜಗಳವೊಂದರಲ್ಲಿ ನೆರೆಹೊಲದವನು ನನ್ನ ತಂದೆಯನ್ನು ಕುರಿತು, “ಹೆಂಡ್ತಿ ಮಕ್ಕಳನ್ನ ಬರದಾಗ ಬಿಟ್ಟು ಓಡಿಹೋದವನ ಮನಿ ನಿಮ್ಮದು” ಎಂದ. ಜಗಳ ಅಲ್ಲಿಗೇ ನಿಂತಿತು. ಏಕೆಂದರೆ ನನ್ನ ತಂದೆ ಮರುಮಾತಾಡಲಿಲ್ಲ. ಆ ದಿನ ಬಿಟ್ಟುಕೊಟ್ಟ ಬದು ಇಂದಿಗೂ ಅವರ ಹೊಲದೊಳಗೇ ಇದೆ. 1983ರಲ್ಲಿ ಅವರು ತೀರಿಕೊಳ್ಳುವ ಕೆಲವು ದಿನಗಳ ಮುಂಚೆ, ಯಾವ ಪ್ರಸಂಗವೂ ಇಲ್ಲದೆ ನನ್ನನ್ನು ಕೇಳಿದರು: “ಹಿರೇಮುತ್ಯಾ ಓಡಿಹೋದನೋ, ಸತ್ತುಹೋದನೋ?” ನೂರು ವರ್ಷಗಳ ಹಿಂದಿನ ಮಾತು. ನಾನು ಏನೆಂದು ಉತ್ತರ ಕೊಡಲಿ?

ಹಿರೇಮುತ್ಯಾನನ್ನು ಕುರಿತು ನಮ್ಮ ಮನೆಯಲ್ಲಿ ಉಳಿದಿದ್ದ ಕಥೆ ಮೂರು ವಾಕ್ಯಗಳದು. ಅವನು ಈಶ್ವರ ಸಂವತ್ಸರದ ಗದ್ದಲದಲ್ಲಿ ಎತ್ತೊಂದನ್ನು ಹೊಡೆದುಕೊಂಡು ಈ ಊರಿಗೆ ಬಂದ. ಹೊಲ ಮಾಡಿದ. ಈಶ್ವರ ಸಂವತ್ಸರದಲ್ಲಿಯೇ ಮನೆ ಬಿಟ್ಟು ಹೋದ. ಬಂದ ವರ್ಷವೇ ಹೋದವನು ಹೊಲ ಮಾಡಿದ್ದು ಯಾವಾಗ, ಮಕ್ಕಳನ್ನು ಪಡೆದದ್ದು ಯಾವಾಗ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮನೆತನದ ಕಥೆಗಳನ್ನು ನಾವು ಕೇಳುವ ರೀತಿಯೇ ಹಾಗೆ. ಪುರಾಣವನ್ನು ಕೇಳಿದಂತೆ ಕೇಳುತ್ತೇವೆ, ಲೆಕ್ಕ ಹಾಕುವುದಿಲ್ಲ.

ಧಾತು, ಈಶ್ವರ ಎಂದೊಡನೆ ನಮ್ಮ ನಾಡಿನವರಿಗೆ ನೆನಪಾಗುವುದು 1876ರಿಂದ 1878ರವರೆಗಿನ ಮಹಾಕ್ಷಾಮ. ನಾನೂ ಆ ವರ್ಷಗಳಿಂದಲೇ ಹುಡುಕಾಟವನ್ನು ಆರಂಭಿಸಿದೆ. ಬೇಗನೆ ಒಂದು ವಿಷಯ ಮನದಟ್ಟಾಯಿತು. ಹಿರಿಯನೊಬ್ಬನನ್ನು ಹುಡುಕುವವನಿಗೆ ದಾಖಲೆಗಳ ಕೊರತೆಗಿಂತ ಹೆಚ್ಚು ತೊಡಕು ಒಡ್ಡುವುದು ನಮ್ಮ ರೂಢಿಗಳೇ. ಮೊದಲನೆಯದು ಸಂವತ್ಸರ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಶಕವರ್ಷವನ್ನು ಜೊತೆಗೆ ಹೇಳದ ಹೊರತು ಈಶ್ವರ ಎಂಬುದು 1877 ಆಗಬಹುದು, 1817 ಆಗಬಹುದು, 1937ರದೂ ಆಗಬಹುದು. ಎರಡನೆಯದು ಹೆಸರಿಡುವ ಪದ್ಧತಿ. ತಾತನ ಹೆಸರು ಮೊಮ್ಮಗನಿಗೆ. ಆದ್ದರಿಂದ ಒಂದು ಮನೆಯಲ್ಲಿ ಎರಡೇ ಹೆಸರುಗಳು ಬಾವಿಯ ರಾಟೆಯ ಕೊಡಗಳಂತೆ ಮೇಲೆ ಕೆಳಗೆ ಆಡುತ್ತಿರುತ್ತವೆ. ನಮ್ಮ ಮನೆಯಲ್ಲಿಯೂ ಹಾಗೆಯೇ: ನನ್ನ ಹೆಸರು ನನ್ನ ಅಜ್ಜನದು, ನನ್ನ ತಂದೆಯ ಹೆಸರು ಅವರ ಅಜ್ಜನಾದ ಹಿರೇಮುತ್ಯಾನದು. ಮೂರನೆಯದು ಸೀಮೆಗಳ ಹೆಸರು ಬದಲಾಗುವುದು. ಕಲಾದಗಿ ಜಿಲ್ಲೆಯೆಂದು ಹಳೆಯ ಕಾಗದಗಳಲ್ಲಿ ಕಾಣುವುದು 1885ರಲ್ಲಿ ವಿಜಾಪುರ ಜಿಲ್ಲೆಯಾಯಿತು. ಅದರ ದಕ್ಷಿಣದ ಪಾಲು 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಊರು ಇದ್ದಲ್ಲಿಯೇ ಇರುತ್ತದೆ, ಅದನ್ನು ಹುಡುಕುವ ಕಪಾಟು ಮಾತ್ರ ಬದಲಾಗುತ್ತದೆ.

ಆದರೆ ತೊಡಕು ಒಡ್ಡುವ ರೂಢಿಗಳೇ ಒಮ್ಮೊಮ್ಮೆ ದಾರಿಯನ್ನೂ ತೋರಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಮನೆಗೊಂದು ಅಡ್ಡಹೆಸರು. ಕೆಲವು ಕಸುಬಿನಿಂದ ಬಂದವು, ಕೆಲವು ಹಾಸ್ಯದಿಂದ ಬಂದವು, ಅನೇಕವು ಊರಿನಿಂದ ಬಂದವು. ನಮ್ಮದೂ ಒಂದು ಊರಿನ ಹೆಸರೇ. ಬಾದಾಮಿಯ ಕಡೆಯ ಒಂದು ಸಣ್ಣ ಹಳ್ಳಿಯದು. ಊರಿನ ಹೆಸರು ಅಂಟಿಕೊಳ್ಳುವುದು ಆ ಊರಿನಲ್ಲಿ ಇದ್ದವನಿಗಲ್ಲ, ಅದನ್ನು ಬಿಟ್ಟುಬಂದವನಿಗೆ. ತನ್ನೂರಿನಲ್ಲಿಯೇ ಇರುವವನನ್ನು ಆ ಊರಿನ ಹೆಸರಿನಿಂದ ಯಾರೂ ಗುರುತಿಸುವುದಿಲ್ಲ. ಎರಡನೆಯ ಸುಳುಹು ಮನೆದೇವರು. ಸುತ್ತಮುತ್ತ ಎಷ್ಟೋ ಗುಡಿಗಳಿದ್ದರೂ ನಮ್ಮ ಮನೆಯವರು ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೇ ಹೋಗಿಬರುತ್ತಾರೆ. ಮನುಷ್ಯ ವಲಸೆ ಹೋಗುವಾಗ ಹೊಲವನ್ನು ಬಿಡುತ್ತಾನೆ, ಮನೆಯನ್ನು ಬಿಡುತ್ತಾನೆ, ದೇವರನ್ನು ಬಿಡುವುದಿಲ್ಲ. ಅಡ್ಡಹೆಸರು, ಮನೆದೇವರು ಎರಡೂ ಒಂದೇ ದಿಕ್ಕಿಗೆ ಬೊಟ್ಟುಮಾಡಿದವು.

ಮೂರನೆಯ ಸಾಕ್ಷಿ ತಾನಾಗಿಯೇ ಮನೆಯ ಬಾಗಿಲಿಗೆ ಬಂತು. ನಮ್ಮ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆಲ್ಲ ಹೆಳವರ ಪರಿಚಯವಿರುತ್ತದೆ. ಸುಗ್ಗಿಯ ನಂತರ ಸಿಂಗರಿಸಿದ ಎತ್ತಿನೊಡನೆ, ಗಂಟೆಯ ಸದ್ದಿನೊಡನೆ ಬಂದು, ಒಕ್ಕಲುಮನೆಯ ಅಂಗಳದಲ್ಲಿ ನಿಂತು ಆ ಮನೆಯ ವಂಶಾವಳಿಯನ್ನು ರಾಗವಾಗಿ ಹೇಳಿ, ಕಾಳು, ಬಟ್ಟೆ, ಕಾಣಿಕೆಗಳನ್ನು ಪಡೆದುಹೋಗುವ ಜನ. ಹೆಳವ ಎಂದರೆ ಕುಂಟ ಎಂಬ ಅರ್ಥವಿದೆ. ಹೆಸರು ಕುಂಟನಾದರೂ ನಮ್ಮ ನಾಡಿನ ನೆನಪನ್ನು ಊರಿಂದೂರಿಗೆ ನಡೆಯಿಸಿದವರು ಇವರೇ. ಅವರು ವರ್ಷವರ್ಷವೂ ಬರುವವರಲ್ಲ. 1986ರಲ್ಲಿ ನಮ್ಮ ಮನೆತನದ ಹೆಳವರು ಬಂದಾಗ ನಾನು ಕಾಗದ, ಲೇಖನಿ ಹಿಡಿದು ಎದುರಿಗೆ ಕುಳಿತೆ. ಹಿಂದೆ ಎಷ್ಟೋ ಸಲ ಕಿವಿಗೆ ಬಿದ್ದಿದ್ದ ಹಾಡೇ ಅದು. ಆದರೆ ಅಂದು ಮೊದಲ ಬಾರಿಗೆ ತಲೆಗಳನ್ನು ಎಣಿಸಿದೆ. ನಮ್ಮ ಎಣಿಕೆಗಿಂತ ಎರಡು ತಲೆಮಾರು ಹೆಚ್ಚಿಗೆ ಬಂದವು. ಹಿರೇಮುತ್ಯಾನ ಹೆಸರು ಎರಡು ಕಡೆ ಬಂತು. ನಡುವೆ ನನ್ನ ಹೆಸರಿನವನೊಬ್ಬ. ತಪ್ಪಿರಬಹುದೆಂದು ಮತ್ತೊಮ್ಮೆ ಹೇಳಿಸಿದೆ. ಆ ಮುದುಕ ನಕ್ಕು, “ಅಜ್ಜನ ಹೆಸರು ಮೊಮ್ಮಗಗ ಇಡೂದು ನಿಮ್ಮ ಮನಿಯಾಗ ಹೊಸದೇನ್ರಿ ಯಪ್ಪಾ?” ಎಂದ.

ಹೆಳವರ ಮಾತನ್ನು ಪರೀಕ್ಷಿಸಿ ನೋಡುವುದಕ್ಕೆ ಕಾಗದದ ಆಧಾರ ಬೇಕಾಗಿತ್ತು. ಧಾರವಾಡ ಸೀಮೆಯಲ್ಲಿ ವಿಂಗೇಟ್ ಮೊದಲಾದ ಅಧಿಕಾರಿಗಳು ಹೊಲಗಳನ್ನು ಅಳೆದು, ಮಣ್ಣಿನ ತರಗತಿಯನ್ನು ನಿಶ್ಚಯಿಸಿ, 30 ವರ್ಷಗಳ ಅವಧಿಗೆ ಕಂದಾಯವನ್ನು ಗೊತ್ತುಮಾಡಿದ್ದು 1840ರ ದಶಕದಲ್ಲಿ. ಆ ಮೋಜಣಿಯ ಫಲವಾಗಿ ಪ್ರತಿಯೊಂದು ಹೊಲಕ್ಕೂ ಒಂದು ನಂಬರು ಬಂತು. ನಂಬರಿನ ಮುಂದೆ ಕಂದಾಯ ಕೊಡುವವನ ಹೆಸರೂ ಬಂತು. ಸರಕಾರಕ್ಕೆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿ ಹೀಗೆ ಬರೆದಿಡಲಿಲ್ಲ, ದುಡ್ಡು ಯಾರು ಕೊಡಬೇಕೆಂಬುದು ತಿಳಿಯಬೇಕಾಗಿತ್ತು. ಆದರೂ ಬಡ ಒಕ್ಕಲಿಗನೊಬ್ಬನ ಹೆಸರು ಕಾಗದದ ಮೇಲೆ ನಿಲ್ಲುವ ಯೋಗ ಬಂದದ್ದು ಹೀಗೆ. ಆ ಕಾಲದ ಬರಹ ಪೇಶವೆಯರ ಆಡಳಿತದಿಂದ ಬಂದ ರೂಢಿಯಂತೆ ಮೋಡಿ ಲಿಪಿಯಲ್ಲಿರುತ್ತದೆ. ನನಗೆ ಮೋಡಿ ಬಾರದು. ವೃದ್ಧ ಕುಲಕರ್ಣಿಯೊಬ್ಬರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ತಂದುಕೊಂಡು ಓದಿ ಹೇಳಿದರು. ನಮ್ಮ ಹೊಲದ ಮುಂದೆ ಇದ್ದುದು ಹಿರೇಮುತ್ಯಾನ ಹೆಸರು, ನಮ್ಮ ಅಡ್ಡಹೆಸರಿನೊಡನೆ.

1840ರ ದಶಕದಲ್ಲಿಯೇ ಈ ಊರಿನಲ್ಲಿ ಖಾತೆದಾರನಾಗಿದ್ದವನು 1877ರಲ್ಲಿ ಊರಿಗೆ ಬಂದವನಾಗಲಾರ. ಹಾಗಾದರೆ ಅವನು ಬಂದ ಈಶ್ವರ ಸಂವತ್ಸರ ಅರವತ್ತು ವರ್ಷ ಹಿಂದಿನದು: 1817–18. ಆ ವರ್ಷದ ಗದ್ದಲ ಯಾವುದು? ಪೇಶವೆಯರ ಆಡಳಿತ ಕುಸಿದುಬಿದ್ದ ವರ್ಷ ಅದು. ಥಾಮಸ್ ಮನ್ರೋ ಧಾರವಾಡದಿಂದ ಹೊರಟು ಒಂದೊಂದೇ ಕೋಟೆಯನ್ನು ಹಿಡಿಯುತ್ತ ಹೋಗಿ, 1818ರ ಫೆಬ್ರವರಿಯಲ್ಲಿ ಬಾದಾಮಿಯನ್ನು ಗೆದ್ದುಕೊಂಡ. ಈಶ್ವರ ಸಂವತ್ಸರ ಇನ್ನೂ ಮುಗಿದಿರಲಿಲ್ಲ. ದಂಡು ಹಾಯ್ದ ದಾರಿಯಲ್ಲಿ ಒಕ್ಕಲಿಗ ಉಳಿಯುವುದು ಕಷ್ಟ. ಎತ್ತೊಂದನ್ನು ಹೊಡೆದುಕೊಂಡು ದಕ್ಷಿಣಕ್ಕೆ ಬಂದ ತರುಣನ ಚಿತ್ರ ಈಗ ಅರ್ಥವಾಗತೊಡಗಿತು. ನಾವು ಒಬ್ಬನೆಂದು ತಿಳಿದಿದ್ದ ಹಿರೇಮುತ್ಯಾ ಇಬ್ಬರು. ಯುದ್ಧದ ಈಶ್ವರದಲ್ಲಿ ಬಂದವನು ಒಬ್ಬ. ಬರದ ಈಶ್ವರದಲ್ಲಿ ಹೋದವನು ಅವನ ಮೊಮ್ಮಗ. ಹೆಸರು ಒಂದೇ, ಸಂವತ್ಸರ ಒಂದೇ. ಆದ್ದರಿಂದ ಮನೆಯ ನೆನಪು ಇಬ್ಬರನ್ನೂ ಒಂದೇ ಕಂಬಳಿಯಲ್ಲಿ ಸುತ್ತಿಬಿಟ್ಟಿತ್ತು.

ಬಂದವನು ಸಿಕ್ಕಿದ. ನನ್ನ ತಂದೆ ಕೇಳಿದ್ದು ಹೋದವನನ್ನು.

ಆ ಬರದ ದಾರುಣತೆಯನ್ನು ಅಂಕಿಗಳಿಂದಲೇ ಊಹಿಸಬಹುದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412; 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚಾಗಿ ಕುಗ್ಗಿತು. ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಜನ ಕಡಿಮೆಯಾದರು. ಸರಕಾರ ಕೆರೆ, ರಸ್ತೆಗಳ ಕೆಲಸ ತೆರೆಯಿತು. ಕೂಲಿಯ ಪ್ರಮಾಣವನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಿದಾಗ ಅಧಿಕಾರಿಗಳಲ್ಲಿಯೇ ದೊಡ್ಡ ವಾದವೆದ್ದಿತು. ಬರ ಮುಗಿದ ಮೇಲೆ ಕ್ಷಾಮ ಆಯೋಗ ಕುಳಿತಿತು, 1883ರಲ್ಲಿ ಕ್ಷಾಮ ಸಂಹಿತೆ ಬಂತು. ಇವೆಲ್ಲವೂ ಅಚ್ಚಾದ ಸಂಪುಟಗಳಲ್ಲಿವೆ. ಆ ಸಂಪುಟಗಳಲ್ಲಿ ಸಂಖ್ಯೆಗಳಿವೆ, ಹೆಸರುಗಳಿಲ್ಲ. ಗಣತಿಯಲ್ಲಿ ಮನೆಮನೆಗೆ ಹೋಗಿ ಹೆಸರು ಬರೆದುಕೊಂಡರೂ ಕೂಡುವ ಲೆಕ್ಕ ಮುಗಿದ ಮೇಲೆ ಆ ಹಾಳೆಗಳನ್ನು ಉಳಿಸಲಿಲ್ಲ. ಕೂಲಿ ಅರಸಿ ನಡೆದವನೊಬ್ಬ ದಾರಿಯಲ್ಲಿ ಬಿದ್ದರೆ ಅವನು ಒಂದು ಅಂಕಿ; ಬೀಳದೆ ಮಲೆನಾಡಿನ ಕಾಫಿತೋಟವನ್ನೋ ಹುಬ್ಬಳ್ಳಿಯನ್ನೋ ಸೇರಿದರೆ ಇನ್ನೊಂದು ಅಂಕಿ. ಯಾವ ಅಂಕಿಯೂ ತಾನು ಯಾರ ಮನೆಯವನೆಂದು ಹೇಳುವುದಿಲ್ಲ.

2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿಗೆಂದು ಅಗೆಯುವಾಗ ನೂರಾರು ತಲೆಬುರುಡೆಗಳು ಸಾಲುಸಾಲಾಗಿ ಜೋಡಿಸಿಟ್ಟಂತೆ ಕಾಣಿಸಿಕೊಂಡವು. ನೋಡಲು ಊರಿಗೆ ಊರೇ ಸೇರಿತು, ನಾನೂ ಹೋಗಿದ್ದೆ. ಯುದ್ಧವೆಂದರು, ಬಲಿಯೆಂದರು. ಪರೀಕ್ಷೆಗಳ ತರುವಾಯ ಅವು ಹದಿನೆಂಟನೆಯ ಶತಮಾನದ ಕೊನೆಯ ಡೋಗಿ ಬರದಲ್ಲಿ ಸತ್ತವರವು ಎಂಬ ಅಭಿಪ್ರಾಯಕ್ಕೆ ಬಂದರು. ನಮ್ಮ ಈಶ್ವರದ ಬರಕ್ಕಿಂತ ಅದು ಬಹು ಹಿಂದಿನ ಮಾತು; ನಮ್ಮವನು ಅಲ್ಲಿರಲು ಸಾಧ್ಯವಿಲ್ಲ. ಅದನ್ನು ತಿಳಿದಿದ್ದೂ ಆ ಅಗೆತದ ಅಂಚಿನಲ್ಲಿ ನಿಂತಾಗ ನನ್ನ ತಂದೆಯ ಪ್ರಶ್ನೆಯೇ ಕಿವಿಯಲ್ಲಿತ್ತು. ಅಷ್ಟೊಂದು ತಲೆಗಳಲ್ಲಿ ಪ್ರತಿಯೊಂದೂ ಯಾವುದೋ ಮನೆಯ ಹಿರೇಮುತ್ಯಾನದೋ ಹಿರೇಮುತ್ತವ್ವನದೋ ಆಗಿತ್ತಷ್ಟೆ.

ಹೋದವನ ವಿಷಯದಲ್ಲಿ ಕಾಗದ ಹೇಳಿದ್ದು ಒಂದೇ ಮಾತು. ಬರದ ನಂತರದ ಖಾತೆಯಲ್ಲಿ ಹೊಲ ನನ್ನ ಅಜ್ಜನ ಹೆಸರಿಗಿದೆ. ಬರದ ವರ್ಷ ಅವನಿಗೆ ಮೂರು ವರ್ಷ. ಹೆಸರಿನ ಮುಂದೆ ‘ಅಜ್ಞಾನ, ಪಾಲಕಿ ತಾಯಿ’ ಎಂದು ಬರೆದಿದೆ. ಅಜ್ಞಾನ ಎಂದರೆ ಅಲ್ಲಿ ಪ್ರಾಯಕ್ಕೆ ಬಾರದವನೆಂದು ಅರ್ಥ. ಅಂದರೆ ಗಂಡನಿಲ್ಲದೆ, ಮೂರು ವರ್ಷದ ಮಗುವಿನೊಡನೆ, ಅರ್ಧ ಊರು ಖಾಲಿಯಾದ ಆ ಬರದಲ್ಲಿ ಒಬ್ಬ ಹೆಂಗಸು ಹೊಲವನ್ನು ಬಿಡದೆ ಹಿಡಿದುಕೊಂಡಳು. ಕಂದಾಯ ಕಟ್ಟಿದಳು. ಹುಡುಗ ಬೆಳೆದ. ನಾವು ಇದ್ದೇವೆ.

ನನ್ನ ತಂದೆ ಅವಳನ್ನು ಕಂಡಿದ್ದರು. ಅವಳು ತೀರಿಕೊಂಡಾಗ ಅವರಿಗೆ ಹತ್ತು ವರ್ಷ. ಅವಳ ವಿಷಯ ಹೇಳುವಾಗಲೆಲ್ಲ ಅವರು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು: “ಆಯಿ ನನ್ನ ಹೆಸರು ಹಿಡಿದು ಒಂದು ದಿನವೂ ಕರೀಲಿಲ್ಲ.” ಓಡಿಹೋದ ಗಂಡನ ಹೆಸರು ತನಗೆ ಬಂದದ್ದರಿಂದ, ಆ ಹೆಸರಿನ ಮೇಲೆ ಅವಳಿಗಿದ್ದ ಸಿಟ್ಟೇ ಅದಕ್ಕೆ ಕಾರಣವೆಂದು ಅವರು ನಂಬಿದ್ದರು. ಬದುವಿನ ಜಗಳದಲ್ಲಿ ಅವರು ಮರುಮಾತಾಡದೆ ಹೋದದ್ದಕ್ಕೂ ಈ ನಂಬಿಕೆಯೇ ಕಾರಣವಾಗಿರಬೇಕು. ಮನೆಯ ಹೆಂಗಸೇ ಅಪರಾಧಿಯೆಂದು ತೀರ್ಮಾನಿಸಿದವನ ಪರವಾಗಿ ಮೊಮ್ಮಗ ಏನು ವಾದಿಸಿಯಾನು?

ತಂದೆಗಿಂತ ಆರು ವರ್ಷ ದೊಡ್ಡವಳಾದ ನನ್ನ ಸೋದರತ್ತೆ ಆಗ ಇನ್ನೂ ಬದುಕಿದ್ದಳು. ಎಂಬತ್ತು ವರ್ಷದ ಮುದುಕಿ. ಹೆಳವರ ಹಾಡು, ಮೋಡಿಯ ಕಾಗದ ಎಲ್ಲವನ್ನೂ ಅವಳ ಮುಂದೆ ಹೇಳಿ, ಕೊನೆಗೆ ಆಯಿಯ ಸಿಟ್ಟಿನ ಮಾತನ್ನೂ ಹೇಳಿದೆ. ಅವಳು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು. “ಗಂಡನ ಹೆಸರು ಹೆಂಗ ಹೇಳ್ಯಾಳೋ ಆಕಿ? ನಿಮ್ಮಪ್ಪನ ಹೆಸರೂ ಅದ ಅಲ್ಲೇನು?” ಎಂದಳು.

ಇಷ್ಟು ಸರಳವಾದ ಸಂಗತಿ ನನ್ನ ತಂದೆಗೂ ನನಗೂ ಹೊಳೆದಿರಲಿಲ್ಲ. ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ರೂಢಿ ನಮ್ಮಲ್ಲಿ ಎಷ್ಟು ಬಲವಾಗಿತ್ತೆಂಬುದು ಎಲ್ಲರಿಗೂ ಗೊತ್ತು. ಅದೇ ಹೆಸರಿನ ಮೊಮ್ಮಗನನ್ನು ಕೂಡ ಅವಳು ‘ತಮ್ಮಾ’ ಎಂದೇ ಕರೆಯಬೇಕು. ಸೋದರತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. ನನ್ನ ತಂದೆಯನ್ನು ತೊಟ್ಟಿಲಿಗೆ ಹಾಕಿದ ದಿನ ಅವಳಿಗೆ ನೆನಪಿತ್ತು. ನೆರೆದವರಲ್ಲಿ ಕೆಲವರು, ಹೋದವನ ಹೆಸರು ಬೇಡ, ದೇವರ ಹೆಸರೇನಾದರೂ ಇಡೋಣ ಎಂದರಂತೆ. ಮೂಲೆಯಲ್ಲಿ ಕುಳಿತಿದ್ದ ಆಯಿ ಎದ್ದುಬಂದು, ತೊಟ್ಟಿಲ ಹಗ್ಗ ಹಿಡಿದು, “ನಮ್ಮ ಮನಿಯವರ ಹೆಸರ ಇಡ್ರಿ” ಎಂದಳಂತೆ. ಹೆಸರನ್ನು ಅವಳು ಹೇಳಲಿಲ್ಲ. ಮಗುವಿನ ಕಿವಿಯಲ್ಲಿ ಉಸಿರಿದವರು ಬೇರೆ ಯಾರೋ.

ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯವಲ್ಲ. ಅವನು ಕೂಲಿಗೆಂದು ಹೋಗಿ ದಾರಿಯಲ್ಲಿ ಸತ್ತನೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಅವನನ್ನು ಅಪರಾಧಿಯೆಂದು ಕರೆಯುವ ಹಕ್ಕು ಲೋಕದಲ್ಲಿ ಒಬ್ಬಳಿಗೇ ಇತ್ತು. ಅವನು ಹೊಸ್ತಿಲು ದಾಟಿದ್ದನ್ನು ಕಂಡವಳು ಅವಳು, ಯಾವ ಮಾತು ಹೇಳಿ ಹೋದನೆಂಬುದನ್ನು ಕೇಳಿದವಳು ಅವಳು. ಮೂವತ್ತೈದು ವರ್ಷಗಳ ನಂತರ, ಬೇಡವೆಂದವರ ಎದುರಿಗೆ, ಅವಳು ಆ ಹೆಸರನ್ನು ಮತ್ತೆ ಮನೆಯೊಳಕ್ಕೆ ಕರೆದುಕೊಂಡಳು. ತನ್ನ ಪ್ರಶ್ನೆಗೆ ಉತ್ತರವನ್ನು ನನ್ನ ತಂದೆ ಹುಟ್ಟಿದ ಹನ್ನೆರಡನೆಯ ದಿನದಿಂದ ಕೊನೆಯ ದಿನದವರೆಗೆ ತಮ್ಮ ಹೆಸರಾಗಿಯೇ ಹೊತ್ತಿದ್ದರು. ಅವರಿಗೆ ಅದು ತಿಳಿಯಲಿಲ್ಲ. ನನಗೆ ತಿಳಿದದ್ದು ಮೂರು ವರ್ಷ ತಡವಾಗಿ.

ಅಂದು ಸೋದರತ್ತೆಯನ್ನು ಕಡೆಯದಾಗಿ ಒಂದು ಮಾತು ಕೇಳಿದೆ: ಆಯಿಯ ಹೆಸರೇನು? ಅವಳು ಬಹಳ ಹೊತ್ತು ಯೋಚಿಸಿದಳು. “ಆಯಿ ಅಂತನ ಕರೀತಿದ್ವಿ” ಎಂದಳು. ಕಂದಾಯದ ಕಾಗದದಲ್ಲಿ ಅವಳು ‘ತಾಯಿ’. ನಮ್ಮ ಮನೆಯ ಹೆಳವರ ಹಾಡಿನಲ್ಲಿ ಅಪ್ಪ–ಮಕ್ಕಳ ಸಾಲಿದೆ, ಅವಳಿಲ್ಲ. ತೌರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಎಂಬ ರೂಢಿಯೂ ಎಷ್ಟೋ ಮನೆತನಗಳಲ್ಲಿದೆ. ಅವಳಿಗೆ ಎರಡು ಹೆಸರಿದ್ದಿರಬಹುದು, ಎರಡೂ ಉಳಿಯಲಿಲ್ಲ.

ಸಾಹಿತ್ಯದ ಓದುಗರಿಗೆ ಇಲ್ಲಿ ಪಂಪನ ಸಂಗತಿ ನೆನಪಾಗದೆ ಇರದು. ಆದಿಕವಿ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಮಾಧವ ಸೋಮಯಾಜಿಯಿಂದ ತೊಡಗಿ ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ ಎಂದು ತನ್ನ ಹಿರಿಯರನ್ನು ಕ್ರಮವಾಗಿ ಹೇಳಿದ್ದಾನೆ. ತಾಯಿಯ ಹೆಸರನ್ನು ಹೇಳಿಲ್ಲ. ಸಾವಿರ ವರ್ಷ ಆ ಹೆಸರು ಯಾರಿಗೂ ತಿಳಿಯದೆ ಹೋಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ತೆಲಂಗಾಣದ ಕರೀಂನಗರದ ಕಡೆಯ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ವಿದ್ವಾಂಸರ ಗಮನಕ್ಕೆ ಬಂತು. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿರುವ ಶಾಸನ ಅದು. ಅದರಲ್ಲಿ ತಂದೆಯ ಹೆಸರು ಭೀಮಪಯ್ಯ. ಅಭಿಮಾನಚಂದ್ರನ ಮೊಮ್ಮಗನೆಂದು ಹೇಳಿರುವುದರಿಂದ ಕಾವ್ಯದ ಅಭಿರಾಮದೇವರಾಯನೇ ಇವನೆಂದು ನಿಶ್ಚಯವಾಗುತ್ತದೆ. ನಮ್ಮ ಮನೆಯಲ್ಲಿ ಒಂದು ಹೆಸರಿನ ಇಬ್ಬರಿದ್ದರೆ ಅಲ್ಲಿ ಎರಡು ಹೆಸರಿನ ಒಬ್ಬ. ತಾಯಿಯ ಹೆಸರು ಅಬ್ಬಣಬ್ಬೆ. ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ವೆಂಗಿನಾಡಿನ ಮೂಲದ ಕವಿಗೆ ಕನ್ನಡದ ತಿರುಳು ಹೇಗೆ ದಕ್ಕಿತೆಂಬ ಪ್ರಶ್ನೆಗೆ ಆ ಒಂದು ಹೆಸರು ಹೊಸ ದಾರಿ ತೆರೆಯಿತು. ಅಣ್ಣ ಬಿಟ್ಟದ್ದನ್ನು ತಮ್ಮ ಬರೆಯಿಸಿದ್ದರಿಂದ ಅಬ್ಬಣಬ್ಬೆ ನಮಗೆ ಉಳಿದಳು. ಹೆಸರಿಲ್ಲದ ಆ ನೂರಾರು ತಲೆಗಳು ಮಣ್ಣಿನಿಂದ ಎದ್ದುಬಂದ ಊರೂ ಅದೇ ಅಣ್ಣಿಗೇರಿ.

ನಮ್ಮ ಆಯಿಗೆ ಬಂಡೆಯಿಲ್ಲ. ಮುಂದಿನ ಸಲ ಹೆಳವರು ಬಂದಾಗ ಅವಳ ವಿಷಯವನ್ನು ಅವರಿಗೆ ಹೇಳಿದೆ. ಹಿಂದೆ ಹಾಡಿದ ಮುದುಕ ತೀರಿಕೊಂಡಿದ್ದ. ಬಂದವನು ಅವನ ಮಗ. ಹೆಸರಿಲ್ಲದೆ ಹಾಡಿನಲ್ಲಿ ಹೇಗೆ ಸೇರಿಸಲಿ ಎಂದು ಅವನು ಕೇಳಿದ. ಅವನ ಕಷ್ಟವೂ ನಿಜವೇ. ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಈಗ ನಮ್ಮ ಅಂಗಳದಲ್ಲಿ ವಂಶಾವಳಿ ಹೇಳುವಾಗ ನನ್ನ ಅಜ್ಜನ ಹೆಸರು ಬರುವ ಮುನ್ನ, “ಈಶ್ವರದ ಬರದಾಗ ಹೊಲ ಬಿಡದಾಕಿ” ಎಂಬ ಮಾತು ಬರುತ್ತದೆ. ಅಷ್ಟು ಹೇಳಿ ಅವನು ಒಂದು ಕ್ಷಣ ತಡೆದು, ಗಂಟೆ ಬಾರಿಸಿ, ಮುಂದಿನ ಹೆಸರಿಗೆ ಹೋಗುತ್ತಾನೆ.